ಹಿಕ್ಕೆಯಲ್ಲಿ ಏನೂ ಇರಲಿಲ್ಲ

ನಾನು ಕೆಲಸ ಮಾಡುವ ಪಶುರೋಗ ಪ್ರಯೋಗಾಲಯದಲ್ಲಿ ನನಗೆ ಆತುರಗೇಡಿ ಎಂಬ ಹೆಸರಿದೆ. ಕುರಿಯ ರಕ್ತದ ನಳಿಗೆ ಇನ್ನೂ ಯಂತ್ರದೊಳಗೆ ತಿರುಗುತ್ತಿರುವಾಗಲೇ ಮೇಡಂ ಕುರಿಯವನಿಗೆ ಫೋನ್ ಹಚ್ಚಿರುತ್ತಾರೆ ಎಂದು ಜೊತೆಯವರು ನಗುತ್ತಾರೆ. ವರದಿ ಟೈಪಾಗಲಿ, ಸಹಿ ಬೀಳಲಿ, ಆಮೇಲೆ ಹೇಳಿದರಾಯಿತು ಎಂದು ಹೇಳಿ ಹೇಳಿ ಅವರೂ ಸೋತರು. ನಗಲಿ ಬಿಡಿ. ನಗುವವರಿಗೆ ಕಾರಣ ಹೇಳುತ್ತ ಕೂಡುವಷ್ಟು ತಾಳ್ಮೆ ನನಗೆ ಮೊದಲಿನಿಂದಲೂ ಇಲ್ಲ. ಈಗ ಮಾತ್ರ ಹೇಳಬೇಕೆನಿಸಿದೆ.

ಕಳೆದ ತಿಂಗಳು ಬೈಲಹೊಂಗಲದ ಕಡೆಯ ಒಬ್ಬ ಕುರಿಗಾರ ನಾಲ್ಕು ನಳಿಗೆ ರಕ್ತ ತಂದಿದ್ದ. ಅವರೂರಿನ ದನದ ದವಾಖಾನೆಯಲ್ಲಿ ತೆಗೆದುಕೊಟ್ಟದ್ದು. ಐಸ್ ಸಿಕ್ಕಿರಲಿಲ್ಲ. ಬಿಸಿಲಿಗೆ ಕೆಡಬಾರದೆಂದು ನಳಿಗೆಗಳನ್ನು ಹಳೆಯ ಕಂಬಳಿಯ ತುಂಡಿನಲ್ಲಿ ಸುತ್ತಿ, ಬಸ್ಸು ನಿಂತಲ್ಲೆಲ್ಲ ಅದರ ಮೇಲೆ ನೀರು ಚಿಮುಕಿಸುತ್ತ ಬಂದಿದ್ದನಂತೆ. ನಾನು ಸುತ್ತು ಬಿಚ್ಚಿದೆ. ಹಸಿ ಕಂಬಳಿಯ ವಾಸನೆ ಮುಖಕ್ಕೆ ಹೊಡೆಯಿತು. ಉಣ್ಣೆ, ಹೊಗೆ, ಕುರಿಯ ಮೈಜಿಡ್ಡು ಎಲ್ಲ ಕೂಡಿದ ವಾಸನೆ ಅದು. ನನ್ನ ಕೈ ಹಾಗೇ ನಿಂತುಬಿಟ್ಟಿತು. "ಯಾಕ್ರಿ ಮೇಡಂ, ಕೆಟ್ಟಾವೇನ್ರಿ?" ಎಂದು ಆತ ಗಾಬರಿಯಾಗಿ ಕೇಳಿದ. ಇಲ್ಲಪ್ಪಾ, ಚೊಲೋ ಅದಾವ ಎಂದು ಹೇಳಿ ಆತನನ್ನು ಕೂರಿಸಿದೆ. ಆದರೆ ಮನಸ್ಸು ಆಗಲೇ ಸವದತ್ತಿಯ ಹಿನ್ನೀರಿನ ದಂಡೆಗೆ ಹೋಗಿತ್ತು.

ಆ ವರ್ಷ ನಾನು ಪಶುವೈದ್ಯಕೀಯದ ಮೇಲಿನ ಓದಿನ ಕೊನೆಯ ವರ್ಷದಲ್ಲಿದ್ದೆ. ನಮ್ಮದು ರಾಮದುರ್ಗದಲ್ಲಿ ತಲೆತಲಾಂತರದಿಂದ ಪೌರೋಹಿತ್ಯ ಮಾಡಿಕೊಂಡು ಬಂದ ಮನೆ. ಅಪ್ಪ ಮುಂಜಾನೆ ಪೂಜೆ ಮುಗಿಸಿ, ಬಂದವರಿಗೆ ಪಂಚಾಂಗ ತೆಗೆದು ತಿಥಿ ಮುಹೂರ್ತ ಹೇಳುವವರು. ನಾನು ಕುರಿಯ ಹಿಕ್ಕೆ, ಕುರಿಯ ರಕ್ತ ಎಂದು ತಿರುಗುವವಳು. ಅವ್ವನಿಗೆ ಇದರಲ್ಲಿ ಸಂಕಟವೂ ಇತ್ತು, ತಮಾಷೆಯೂ ಇತ್ತು. "ಅವರು ಪಂಚಾಂಗ ನೋಡಿ ಹೇಳ್ತಾರ, ನೀ ರಕ್ತಾ ನೋಡಿ ಹೇಳ್ತಿ. ಇಬ್ಬರದೂ ಭವಿಷ್ಯಾನ" ಎನ್ನುತ್ತಿದ್ದಳು. ಅಂದ ಮೇಲೆ ಹಿತ್ತಲ ಬಾಗಿಲಲ್ಲಿ ಬಿಸಿನೀರು ಇಟ್ಟು, ಮಿಂದ ಹೊರತು ಅಡಿಗೆಮನೆಯ ಹೊಸ್ತಿಲು ತುಳಿಯಗೊಡುತ್ತಿರಲಿಲ್ಲ.

ಅವ್ವ ಹೇಳಿದ್ದು ತಪ್ಪೇನೂ ಅಲ್ಲ. ನನ್ನ ಅಭ್ಯಾಸದ ವಿಷಯವೇ ಅದಾಗಿತ್ತು. ಹಿನ್ನೀರಿನ ಅಂಚಿನಲ್ಲಿ ಮೇಯುವ ಕುರಿಗಳ ಯಕೃತ್ತಿನಲ್ಲಿ ಒಂದು ಜಾತಿಯ ಚಪ್ಪಟೆ ಹುಳ ಸೇರುತ್ತದೆ. ಅದರ ಮರಿ ಮೊದಲು ನೀರಿನ ಬಸವನಹುಳುವಿನ ಹೊಟ್ಟೆಯಲ್ಲಿ ಬೆಳೆದು, ಆಮೇಲೆ ಹಸಿ ಹುಲ್ಲಿಗೆ ಅಂಟಿ ಕೂತಿರುತ್ತದೆ. ಹುಲ್ಲಿನ ಜೊತೆ ಕುರಿಯ ಹೊಟ್ಟೆಗೆ ಹೋಗಿ, ಕರುಳು ತೂರಿ, ಯಕೃತ್ತನ್ನು ಕೊರೆಯುತ್ತ ತಿಂಗಳುಗಟ್ಟಲೆ ಓಡಾಡುತ್ತದೆ. ದೊಡ್ಡದಾದ ಮೇಲಷ್ಟೇ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಹಿಕ್ಕೆಯಲ್ಲಿ ಬಂದಾಗ ನಾವು ಸೂಕ್ಷ್ಮದರ್ಶಕದಲ್ಲಿ ನೋಡಿ, ಈ ಕುರಿಗೆ ಹುಳವಿದೆ ಎನ್ನುತ್ತೇವೆ. ಆ ಹೊತ್ತಿಗೆ ಕುರಿ ಬದುಕಿದ್ದರೆ. ಎಲ್ಲ ದವಾಖಾನೆಗಳಲ್ಲೂ ನಡೆದು ಬಂದ ಪರೀಕ್ಷೆ ಅದೇ, ಹಿಕ್ಕೆಯ ಪರೀಕ್ಷೆ. ಆದರೆ ಯಕೃತ್ತು ಗಾಯಗೊಂಡ ಕೂಡಲೆ ಅದರೊಳಗಿನ ಕೆಲವು ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಹುಳ ಇನ್ನೂ ಮರಿಯಾಗಿರುವಾಗಲೇ, ಹಿಕ್ಕೆ ಸ್ವಚ್ಛವಿರುವಾಗಲೇ, ರಕ್ತ ಸುದ್ದಿ ಕೊಡುತ್ತದೆ. ಎಷ್ಟು ವಾರ ಮೊದಲು ಕೊಡುತ್ತದೆ, ಆ ಸುದ್ದಿಯನ್ನು ಎಷ್ಟು ನಂಬಬಹುದು, ಇದನ್ನು ತೋರಿಸುವುದು ನನ್ನ ಕೆಲಸ. ಅದಕ್ಕೆ ಒಂದೇ ಹಿಂಡಿನ ಕುರಿಗಳಿಂದ ಹದಿನೈದು ದಿನಕ್ಕೊಮ್ಮೆ ರಕ್ತವನ್ನೂ ಹಿಕ್ಕೆಯನ್ನೂ ತೆಗೆದು ಎರಡನ್ನೂ ಹೋಲಿಸಬೇಕಿತ್ತು.

ಹಿಂಡು ಸಿಕ್ಕದ್ದು ಸಾಲಹಳ್ಳಿಯ ಬಾಳಪ್ಪಜ್ಜನದು. ಅರವತ್ತೆಂಟು ಕುರಿ, ನಾಲ್ಕು ಆಡು, ಒಂದು ನಾಯಿ. ಮಗ ಇನ್ನೊಂದು ಹಿಂಡು ಹೊಡೆದುಕೊಂಡು ರಾಮದುರ್ಗದ ಕಡೆಯೇ ಉಳಿದಿದ್ದ. ಅಜ್ಜ ಮತ್ತು ಸೊಸೆ ಲಗಮವ್ವ ಇಬ್ಬರೇ ದೀಪಾವಳಿ ಮುಗಿಸಿ ಸವದತ್ತಿಯ ಹಿನ್ನೀರಿಗೆ ಬಂದು ಹಟ್ಟಿ ಹಾಕಿದ್ದರು. ಆ ಹೊತ್ತಿಗೆ ಅಲ್ಲಿ ನೀರು ಹಿಂದೆ ಸರಿಯುತ್ತದೆ. ಸರಿದ ಎರೆಮಣ್ಣಿನ ಮೇಲೆ ಎಳೆ ಹುಲ್ಲು ಏಳುತ್ತದೆ. ಸುತ್ತಲ ಗುಡ್ಡಗಳಲ್ಲಿ ಹುಲ್ಲು ಒಣಗಿ ಕಡ್ಡಿಯಾಗಿರುವಾಗ ಇಲ್ಲಿ ಕಣ್ಣಿಗೆ ತಂಪೆನಿಸುವ ಹಸಿರು. ಈಯುವ ಕುರಿಗಳಿಗೆ ಇದಕ್ಕಿಂತ ಬೇರೆ ಏನು ಬೇಕು?

ಮೊದಲ ದಿನ ನಾನು ಸೂಜಿ, ನಳಿಗೆ, ನಂಬರು ಬರೆದ ಪ್ಲಾಸ್ಟಿಕ್ ಬಿಲ್ಲೆ ಎಲ್ಲ ಹರವಿಕೊಂಡು ಕೂತು, ಏನು ಮಾಡುತ್ತೇನೆಂದು ವಿವರಿಸಿದೆ. ಅಜ್ಜ ಕಂಬಳಿ ಹೊದ್ದು ಕೂತು ಕೇಳಿದ. ಎಂಬತ್ತರ ಹತ್ತಿರದವನಿರಬೇಕು, ಮಾತು ಕಡಿಮೆ. ಬಿಲ್ಲೆ ನೋಡಿ ನಕ್ಕ.

"ನಮಗ ಮಾರಿ ಗೊತ್ತಿರತಾವ. ನಿಮಗ ನಂಬರ ಬೇಕು. ಕಟ್ಟರಿ, ಕೊರಳಿಗೆ ಭಾರೇನ ಆಗೂದಿಲ್ಲ."

"ಮೂವತ್ತು ಕುರಿಯಿಂದ ರಕ್ತಾ ತಗೋತೇನಿ ಅಜ್ಜಾ. ಆರು ಸಲ. ನಿಮಗ ತ್ರಾಸ ಆಗೂದಿಲ್ಲಲ್ಲ?"

"ತ್ರಾಸ ಕುರಿಗೆ, ನಮಗೇನ್ರಿ. ತಗೋರಿ. ಆದ್ರ ಒಂದು ಮಾತು. ಕುರಿಗೆ ಏನರ ಆಗೂದಿದ್ರ ನಮಗ ಮೊದಲ ಹೇಳ್ರಿ. ಅಷ್ಟ ಸಾಕು."

ಖಂಡಿತ ಹೇಳುತ್ತೇನೆ ಎಂದೆ. ಅದೇನು ದೊಡ್ಡ ಮಾತು ಎಂದುಕೊಂಡು, ಸೂಜಿ ಜೋಡಿಸುತ್ತ ಹೇಳಿದೆ.

ಹೀಗೆ ಆ ಚಳಿಗಾಲ ಸುರುವಾಯಿತು. ನಸುಕಿನಲ್ಲಿ ರಾಮದುರ್ಗದ ಬಸ್ಸು ಹಿಡಿದು ಸವದತ್ತಿಯಲ್ಲಿ ಇಳಿಯುವುದು, ಅಲ್ಲಿಂದ ಯಾರದಾದರೂ ಟ್ರ್ಯಾಕ್ಟರ್ ಏರಿ ದಂಡೆಗೆ ಹೋಗುವುದು. ಸೂರ್ಯ ಏರುವ ತನಕ ನೀರಿನ ಮೇಲೆ ಮಂಜು ಕೂತಿರುತ್ತಿತ್ತು. ಕುರಿಗಳು ಸುತ್ತ ಕಟ್ಟಿದ ಬಲೆಯ ಬೇಲಿಯೊಳಗೆ ಒಂದಕ್ಕೊಂದು ಒತ್ತಿ ನಿಂತು ಉಸಿರು ಬಿಡುತ್ತಿದ್ದವು. ಲಗಮವ್ವ ಒಂದೊಂದನ್ನೇ ಹಿಡಿದು ತಂದು ಮೊಣಕಾಲ ನಡುವೆ ನಿಲ್ಲಿಸಿ ಕೊರಳು ಎತ್ತುತ್ತಿದ್ದಳು. ನಾನು ಕುತ್ತಿಗೆಯ ನರ ಹುಡುಕಿ ಸೂಜಿ ಹಾಕುತ್ತಿದ್ದೆ. ಮೊದಮೊದಲು ಎರಡು ಮೂರು ಸಲ ಚುಚ್ಚಿದರೂ ರಕ್ತ ಬಾರದೆ ಪೇಚಾಡಿದೆ. "ಉಣ್ಣೆ ಕೂದಲ ಸರಸ್ರಿ ಅಕ್ಕಾರ, ಹೆಬ್ಬಟ್ಟ ತಳಗ ಒತ್ತರಿ, ಅಲ್ಲೇ ಉಬ್ಬತೈತಿ ನೋಡ್ರಿ" ಎಂದು ತೋರಿಸಿಕೊಟ್ಟವಳು ಆಕೆಯೇ. ಆಕೆಗೆ ಮೂವತ್ತೈದರ ಆಸುಪಾಸು. ನನ್ನನ್ನು ಸಾಲೆಯ ಶಿಕ್ಷಕಿಯರನ್ನು ಕರೆದಂತೆ ಅಕ್ಕಾರ ಎಂದು ಕರೆಯುತ್ತಿದ್ದಳು, ನಾನು ಆಕೆಗಿಂತ ಹತ್ತು ವರ್ಷ ಚಿಕ್ಕವಳಾದರೂ. ಕೆಲಸ ಮುಗಿದ ಮೇಲೆ ಜೋಳದ ರೊಟ್ಟಿ, ಆಡಿನ ಹಾಲಿನ ಚಹಾ ಕೊಡುತ್ತಿದ್ದಳು. ಈ ಹುಡುಗಿ ಉಣ್ಣುತ್ತಾಳೋ ಇಲ್ಲವೋ ಎಂದು ಮೊದಲ ಸಲ ಅನುಮಾನಿಸಿ ನೋಡಿದಳು. ನಾನು ಎರಡನೆಯ ರೊಟ್ಟಿ ಕೇಳಿದಾಗ ಆ ಅನುಮಾನ ಮುಗಿಯಿತು.

ನನಗೆ ಆ ಮುಂಜಾನೆಗಳು ಬಹಳ ಇಷ್ಟವಾಗಿದ್ದವು. ಈಗ ಹಾಗೆ ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದನ್ನು ಇಲ್ಲವೆನ್ನಲಾರೆ.

ಮೊದಲೆರಡು ಸಲದ ರಕ್ತದಲ್ಲಿ ವಿಶೇಷವೇನೂ ಕಾಣಲಿಲ್ಲ. ಮೂರನೆಯ ಸಲದ ರಕ್ತವನ್ನು ಪ್ರಯೋಗಾಲಯಕ್ಕೆ ಒಯ್ದು ಯಂತ್ರಕ್ಕೆ ಹಾಕಿದೆ. ಆ ಪ್ರಯೋಗಾಲಯವಿದ್ದ ಊರಿನ ಹೆಸರು ಬೇಡ. ತಪ್ಪು ಆ ಊರಿನದಲ್ಲ, ನನ್ನದು. ಸಂಜೆ ಫಲಿತಾಂಶ ಬಂತು. ಮೂವತ್ತರಲ್ಲಿ ಇಪ್ಪತ್ತೆರಡು ಕುರಿಗಳಲ್ಲಿ ಕಿಣ್ವದ ಮಟ್ಟ ಏರಿತ್ತು. ಕೆಲವದರಲ್ಲಿ ಎಷ್ಟು ಏರಿತ್ತೆಂದರೆ, ನಾನು ತಪ್ಪಿ ಹಾಕಿದೆನೇನೋ ಎಂದು ಮತ್ತೊಮ್ಮೆ ಹಾಕಿ ನೋಡಿದೆ. ಅಷ್ಟೇ ಬಂತು. ಹಿಕ್ಕೆಯನ್ನು ಮೂರು ಸಲ ನೋಡಿದೆ. ಒಂದು ಮೊಟ್ಟೆಯೂ ಇರಲಿಲ್ಲ.

ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಎದ್ದು ಕೋಣೆಯಲ್ಲಿ ಎರಡು ಸುತ್ತು ತಿರುಗಾಡಿದೆ. ನಾನು ತೋರಿಸಬೇಕೆಂದುಕೊಂಡದ್ದು ಕಣ್ಣ ಮುಂದೆ ನಿಂತಿತ್ತು. ಹಿಕ್ಕೆ ಮೌನ, ರಕ್ತ ಮಾತಾಡುತ್ತಿದೆ. ಅದರ ಅರ್ಥ ಇಪ್ಪತ್ತೆರಡು ಕುರಿಗಳ ಯಕೃತ್ತನ್ನು ಹುಳ ಕೊರೆಯುತ್ತಿದೆ ಎಂಬುದು. ಅದು ನನಗೆ ತಿಳಿದೇ ಇತ್ತು. ಆದರೆ ಆ ಸಂಜೆ ನನಗೆ ಕಂಡದ್ದು ನಕ್ಷೆಯಲ್ಲಿ ಏರುವ ಗೆರೆ ಮಾತ್ರ.

ನಮ್ಮ ಮಾರ್ಗದರ್ಶಕ ಸರ್‌ಗೆ ತೋರಿಸಿದೆ. ಅವರೂ ಮೆಚ್ಚಿಕೊಂಡರು. ಕುರಿಯವರಿಗೆ ಹೇಳಲೇ ಎಂದು ಕೇಳಿದೆ.

"ಏನಂತ ಹೇಳ್ತೀ? ಈ ಪರೀಕ್ಷಾ ಇನ್ನೂ ಸಾಬೀತಾಗಿಲ್ಲ. ಸಾಬೀತು ಮಾಡ್ಲಿಕ್ಕೇ ನೀ ಕೂತೀ. ಹುಳ ಅದ ಅಂತ ಹೇಳಿ, ನಾಳೆ ಹುಳ ಇರದಿದ್ದರ ಆ ಮಂದಿ ಮತ್ತ ಯಾರಿಗೂ ಕುರಿ ಮುಟ್ಟಗೊಡೂದಿಲ್ಲ. ಮೊಟ್ಟಿ ಕಾಣಲಿ, ಅವತ್ತೇ ಔಷಧ ಹಾಕೋಣು. ಈಗ ಹಾಕಿದ್ರ ಹೋಲಿಸ್ಲಿಕ್ಕೆ ಏನ ಉಳೀತದ?"

ಅವರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ನ್ಯಾಯವೂ ಇತ್ತು. ನಾನು ಎದುರು ಮಾತಾಡಬಹುದಿತ್ತು, ಆಡಲಿಲ್ಲ. ಆ ಗೆರೆ ಮುಂದೆ ಎಲ್ಲಿಗೆ ಹೋಗುತ್ತದೆಂದು ನೋಡುವ ಆಸೆ ನನಗೂ ಇತ್ತು. ಅಪ್ಪಣೆ ಅವರದು, ಆಸೆ ನನ್ನದು.

ಎರಡು ದಿನ ಬಿಟ್ಟು ಉಳಿದ ಹಿಕ್ಕೆ ತರಲು ಹಟ್ಟಿಗೆ ಹೋದೆ. ಬ್ಯಾಗಿನಲ್ಲಿ ಆ ಫಲಿತಾಂಶದ ಹಾಳೆ ಮಡಚಿಕೊಂಡು ಇತ್ತು. ಹೋಗುವಷ್ಟರಲ್ಲಿ ಮಾವ ಸೊಸೆಗೆ ಮಾತು ನಡೆದಿತ್ತು. ಜಗಳವಲ್ಲ, ಇಬ್ಬರದೂ ದನಿ ಏರಿರಲಿಲ್ಲ. ಆದರೆ ಇಬ್ಬರೂ ತಮ್ಮ ಮಾತು ಬಿಡುತ್ತಿರಲಿಲ್ಲ.

"ಬರ್ರಿ ಅಕ್ಕಾರ, ಕುಂದರ್ರಿ" ಎಂದ ಅಜ್ಜ. "ನೋಡ್ರಿ, ನಾ ಹೇಳೂದು ಇಷ್ಟ. ಕುರಿ ಬಲಪಕ್ಕಡಿಗೆ ಕೈ ಇಟ್ರ ಮೈ ಬಾಗಸ್ತಾವ. ಮುಂಜಾನೆ ಎದ್ದ ಕೂಡಲೆ ಹುಲ್ಲಿಗೆ ಬಾಯಿ ಹಾಕವಲ್ವು. ಕಣ್ಣಿನ ರೆಪ್ಪಿ ಒಳಗ ಬೆಳ್ಳಗ ಕಾಣಾಕ ಹತ್ತೈತಿ. ಈ ಹಸಿ ನೆಲ ಬಿಟ್ಟು ಗುಡ್ಡದ ಒಣ ಹುಲ್ಲಿಗೆ ಹೋಗೂಣು ಅಂತೇನಿ."

"ಹನ್ನೆರಡು ಈದಾವ ಮಾವಾ" ಎಂದಳು ಲಗಮವ್ವ. "ಒಣ ಕಡ್ಡಿ ತಿಂದ್ರ ಹಾಲ ಎಲ್ಲಿಂದ ಬರಬೇಕು? ಮರಿ ಸಾಯತಾವ. ಹೋದ ವರ್ಷ ಸತ್ತದ್ದು ನೆನಪಿಲ್ಲೇನು?"

ಇಬ್ಬರೂ ಸರಿಯೇ. ಗುಡ್ಡಕ್ಕೆ ಹೋದರೆ ಮರಿಗಳಿಗೆ ಕಷ್ಟ, ಇಲ್ಲೇ ಇದ್ದರೆ ಕುರಿಗಳಿಗೆ ಏನೋ ಆಗುತ್ತಿದೆ ಎಂಬ ಅನುಮಾನ. ಅವರ ಮನೆತನದಲ್ಲಿ ಒಂದು ರೂಢಿ. ಹಟ್ಟಿ ಕೀಳುವ ಮಾತಿನಲ್ಲಿ ಇಬ್ಬರಿಗೆ ಒಮ್ಮತವಾಗದಿದ್ದರೆ, ಹಿಂಡಿನ ಹಂಗಿಲ್ಲದ ಮೂರನೆಯವರನ್ನು ಕೇಳಬೇಕು. ಕೇಳುವಾಗ ಅವರ ಅಂಗೈಗೆ ದೇವರ ಭಂಡಾರ ಹಾಕಬೇಕು. ಭಂಡಾರ ಹಿಡಿದವರು ಹೇಳಿದ ಮೇಲೆ ಮುಗಿಯಿತು, ಇಬ್ಬರೂ ಅದನ್ನು ಮೀರುವಂತಿಲ್ಲ. ಅಜ್ಜ ಸೊಂಟದ ಚೀಲ ಬಿಚ್ಚಿ ಒಂದು ಚಿಟಿಕೆ ಅರಿಷಿಣದ ಪುಡಿ ತೆಗೆದು ನನ್ನ ಬಲಗೈಗೆ ಹಾಕಿದ.

"ನೀವು ಕಲತವರು. ಕುರಿ ಒಳಗಿಂದ ತಗದು ನೋಡಾಕ ಹತ್ತೀರಿ. ಭಂಡಾರ ಹಿಡದ ಹೇಳ್ರಿ, ನಮ್ಮ ಕುರಿಗೆ ಏನರ ಐತೇನು?"

ಆ ಕ್ಷಣ ನನಗೆ ಇವತ್ತಿಗೂ ತೊಳೆದಿಟ್ಟಷ್ಟು ಸ್ಪಷ್ಟವಿದೆ. ನಡು ಮಧ್ಯಾಹ್ನ. ದೂರದಲ್ಲಿ ಯಾರೋ ಹಿನ್ನೀರಿಗೆ ಪಂಪು ಹಚ್ಚಿದ್ದರು, ಅದರ ಸಪ್ಪಳ. ಲಗಮವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ.

"ಹಿಕ್ಕಿಯೊಳಗ ಏನೂ ಇಲ್ಲ ಅಜ್ಜಾ. ಮೂರು ಸಲ ನೋಡೇನಿ. ಹುಳದ ಒಂದು ತತ್ತೀನೂ ಇಲ್ಲ."

"ಕೇಳಿದ್ರಿಲ್ಲ ಮಾವಾ" ಎಂದಳು ಲಗಮವ್ವ. ಆಕೆಯ ಮುಖ ಹಗುರಾಯಿತು.

ಅಜ್ಜ, "ಹಂಗಾರ ಇರೂಣು. ಅಕ್ಕಾರ ಭಂಡಾರ ಹಿಡದ ಹೇಳ್ಯಾರ" ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಗಳ ಕಡೆ ನಡೆದ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ. ಹೀಗೆ ಎಷ್ಟೋ ಸಲ ಅಂದುಕೊಂಡು ಸಮಾಧಾನ ಪಡೆಯಲು ನೋಡಿದ್ದೇನೆ, ಆಗಿಲ್ಲ. ಆತ ಹಿಕ್ಕೆಯನ್ನು ಕೇಳಿರಲಿಲ್ಲ, ಕುರಿಯನ್ನು ಕೇಳಿದ್ದ.

ಸಂಜೆ ರಾಮದುರ್ಗಕ್ಕೆ ಬಂದಾಗ ಅವ್ವ ಹಿತ್ತಲಲ್ಲಿ ಎಂದಿನಂತೆ ನೀರು ಹಿಡಿದು ನಿಂತಿದ್ದಳು. ಕೈಗೆ ಸುರಿಯಲು ಬಗ್ಗಿದವಳು ಅಂಗೈ ನೋಡಿದಳು.

"ಏನದು ಅರಿಷಿಣ?"

"ಭಂಡಾರ. ಕುರಿಯವ್ರು ಹಾಕಿದ್ರು."

ನಲವತ್ತು ವರ್ಷ ಪುರೋಹಿತರ ಮನೆಯಲ್ಲಿ ಬಾಳಿದವಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. "ಏನ ಮಾತು ಕೊಟ್ಟು ಬಂದಿ?" ಎಂದಳು.

"ನಾ ಸುಳ್ಳು ಹೇಳಿಲ್ಲ ಅವ್ವಾ."

"ಸುಳ್ಳು ಹೇಳಿಯೇನಂತ ನಾ ಕೇಳಲೇ ಇಲ್ಲಲ್ಲ."

ಅಷ್ಟೇ ಹೇಳಿ ನೀರು ಸುರಿದಳು. ನಾನು ಆ ರಾತ್ರಿ ಊಟ ಮಾಡಿದೆ, ನಿದ್ದೆಯನ್ನೂ ಮಾಡಿದೆ. ಸುಳ್ಳು ಹೇಳಿಲ್ಲವಲ್ಲ, ಮತ್ತೇನು ಎಂದು ಸರಳವಾಗಿ ನಂಬಿದ್ದೆ. ನಾಲ್ಕನೆಯ ಸಲ ರಕ್ತ ತೆಗೆಯಲು ಹೋದಾಗ ಕುರಿಗಳು ಇನ್ನೂ ಅದೇ ದಂಡೆಯಲ್ಲಿ ಮೇಯುತ್ತಿದ್ದವು. ಈ ಸಲ ಇಪ್ಪತ್ತೇಳು ಕುರಿಗಳ ರಕ್ತದಲ್ಲಿ ಏರಿಕೆ ಇತ್ತು. ಹಿಕ್ಕೆಯಲ್ಲಿ ಆಗಲೂ ಏನೂ ಇರಲಿಲ್ಲ.

ಎಳ್ಳಮಾವಾಸ್ಯೆಯ ಮುಂಜಾನೆ. ಅವ್ವ ಸುರೇಬಾನದ ತವರಿನ ಹೊಲಕ್ಕೆ, ಭೂಮಿತಾಯಿಗೆ ಎಡೆ ಚೆಲ್ಲುವ ಚರಗಕ್ಕೆಂದು, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬುತ್ತಿ ಕಟ್ಟುತ್ತಿದ್ದಳು. ನನ್ನ ಫೋನ್ ಬಡಿದುಕೊಂಡಿತು. ಲಗಮವ್ವ.

"ಅಕ್ಕಾರ, ರಾತ್ರಿ ಚೊಲೋ ಇದ್ದುವು. ಮುಂಜಾನೆ ನಾಕು ಏಳವಲ್ವು. ಏಳವಲ್ವು ಅಂದ್ರ, ಸತ್ತಾವ್ರಿ."

ನಾನು ಬುತ್ತಿಯನ್ನೂ ನೋಡದೆ ಬಸ್ಸಿಗೆ ಓಡಿದೆ. ಆ ಹೊತ್ತು ದಾರಿಯ ಎರಡೂ ಕಡೆ ಹೊಲಗಳಲ್ಲಿ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಬಂದು ಬಿಳಿಜೋಳದ ನಡುವೆ ಚರಗ ಚೆಲ್ಲುತ್ತಿದ್ದರು. ನಾನು ಹೋಗುವಷ್ಟರಲ್ಲಿ ಇನ್ನೆರಡು ಸತ್ತಿದ್ದವು. ಕೊರಳಲ್ಲಿ ನನ್ನ ಬಿಲ್ಲೆ. ಎರಡು ಮರಿಗಳು ಸತ್ತ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿ ತಿವಿಯುತ್ತಿದ್ದವು. ಲಗಮವ್ವ ಅವುಗಳನ್ನು ಎಳೆದು ಬೇರೆ ಕಡೆ ಬಿಟ್ಟರೆ, ಮತ್ತೆ ಬಂದು ಅಲ್ಲೇ ನಿಲ್ಲುತ್ತಿದ್ದವು.

ಒಂದನ್ನು ಕೊಯ್ದು ನೋಡಬೇಕೆಂದೆ. ಅಜ್ಜ ತಾನೇ ಕತ್ತಿ ಹಿಡಿದ. ಹೊಟ್ಟೆ ತೆರೆದಾಗ ಒಳಗೆಲ್ಲ ರಕ್ತದ ನೀರು. ಯಕೃತ್ತು ಕಪ್ಪಾಗಿ ಊದಿತ್ತು, ಬೆರಳಿಟ್ಟರೆ ಕುಸಿಯುತ್ತಿತ್ತು. ಕೊಯ್ದಲ್ಲೆಲ್ಲ ಹುಳ ಕೊರೆದ ದಾರಿಗಳು. ನಾನು ಒಂದು ತುಂಡನ್ನು ನೀರಿನ ಬೋಗುಣಿಯಲ್ಲಿ ಹಾಕಿ ಕಲಕಿದೆ. ಅಕ್ಕಿಯ ನುಚ್ಚಿನಷ್ಟು ಸಣ್ಣ ಹುಳಗಳು ತೇಲಿ ಬಂದವು. ಲೆಕ್ಕ ಮಾಡಲು ಬಾರದಷ್ಟು. ಎಲ್ಲವೂ ಮರಿಗಳು, ಒಂದೂ ಮೊಟ್ಟೆ ಇಡುವ ವಯಸ್ಸಿನದಲ್ಲ.

ಲಗಮವ್ವ ಬೋಗುಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಬಹಳ ಹೊತ್ತು ನೋಡಿದಳು. ಆಮೇಲೆ ಹಣೆಗೆ ಕೈ ಹಚ್ಚಿಕೊಂಡು, "ನಂದ ತಪ್ಪು ಮಾವಾ. ನೀವು ಅವತ್ತ ಹೋಗೂಣು ಅಂದ್ರಿ. ನಾನ ಹಾಲಿನ ಆಸೆಗೆ ನಿಲ್ಲಿಸಿದೆ. ನಾನ ಕೊಂದೆ ಇವನ್ನ" ಎಂದಳು. ಆಕೆ ಅಳಲಿಲ್ಲ. ಅತ್ತಿದ್ದರೆ ನಾನು ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದು ಬಿಡುತ್ತಿದ್ದೆನೇನೋ. ಆಕೆ ಅದನ್ನು ಒಂದು ನಿಜದ ಮಾತಿನಂತೆ ಹೇಳಿದಳು, ಮುಂದೆ ಬದುಕಿರುವ ತನಕ ನಂಬಿಕೊಂಡಿರುವ ಮಾತಿನಂತೆ.

"ನಿಂದಲ್ಲ ಲಗಮವ್ವಾ" ಎಂದೆ. "ರಕ್ತದೊಳಗ ಕಾಣಿಸಿತ್ತು."

ಅಜ್ಜ ಕತ್ತಿ ಒರೆಸುತ್ತಿದ್ದವನು ನಿಂತ. "ಯಾವಾಗ?"

"ಮೂರನೇ ಸಲ."

"ನಾನು ಭಂಡಾರ ಹಾಕೂಕಿಂತ ಮೊದಲೋ, ಆಮ್ಯಾಲೋ?"

"ಮೊದಲ ಅಜ್ಜಾ. ಕಾಗದ ಬ್ಯಾಗಿನೊಳಗ ಇತ್ತು."

ಬೈಯುತ್ತಾನೆಂದು ಕಾದೆ. ಕತ್ತಿ ಹಿಡಿದ ಮನುಷ್ಯ, ಕಾಲಬುಡದಲ್ಲಿ ಆರು ಕುರಿ. ಏನು ಮಾಡಿದ್ದರೂ ನಾನು ಮಾತಾಡುತ್ತಿರಲಿಲ್ಲ. ಅಜ್ಜ ನನ್ನನ್ನು ನೋಡಲೂ ಇಲ್ಲ. "ಲಗಮವ್ವಾ, ಏಳು. ಉಳದದ್ದನ್ನ ಗುಡ್ಡಕ್ಕ ಹೊಡಿ" ಎಂದ. ಆಕೆ ಎದ್ದಳು. ಎದ್ದು ನನ್ನ ಕಡೆ ತಿರುಗಿ, ನಿಧಾನವಾಗಿ, "ಹಿಕ್ಕ್ಯಾಗ ಏನೂ ಇಲ್ಲ ಅಂದ್ರಿ" ಎಂದಳು. ಬೈಗುಳವಲ್ಲ. ತಾನು ಸರಿಯಾಗಿ ಕೇಳಿಸಿಕೊಂಡಿದ್ದೆನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡಂತೆ.

ದವಾಖಾನೆಗಳಲ್ಲಿ ಸಾಮಾನ್ಯವಾಗಿ ಸಿಗುವ ಔಷಧ ದೊಡ್ಡ ಹುಳಗಳನ್ನಷ್ಟೇ ಕೊಲ್ಲುತ್ತದೆ. ಮರಿಹುಳಕ್ಕೆ ಬೇರೆಯದೇ ಬೇಕು, ಅದು ಸವದತ್ತಿಯಲ್ಲಿ ಆಗ ಸಿಗಲಿಲ್ಲ. ಸರ್‌ಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ತಾವೇ ಬೆಳಗಾವಿಗೆ ಹೋಗಿ ಔಷಧ ಹುಡುಕಿ, ಮರುದಿನ ಮಧ್ಯಾಹ್ನ ಕಾರಿನಲ್ಲಿ ತಂದರು. ಗುಡ್ಡದ ಮೇಲಿನ ಹೊಸ ಹಟ್ಟಿಯಲ್ಲಿ ಬಿಸಿಲಿಗೆ ನಿಂತು ಒಂದೊಂದು ಕುರಿಯ ಬಾಯಿ ಅಗಲಿಸಿ ಹಿಡಿದರು. ಲಗಮವ್ವ ಬಿದಿರಿನ ಗೊಟ್ಟದಿಂದ ಔಷಧ ಹೊಯ್ದಳು. ಹೋಗುವಾಗ ಸರ್ ಅಜ್ಜನ ಮುಂದೆ ಕೈ ಮುಗಿದು ನಿಂತರು. ಅಜ್ಜನೂ ಮುಗಿದ.

ಔಷಧ ತಡವಾಗಿತ್ತು. ಆ ಹದಿನೈದು ದಿನಗಳಲ್ಲಿ ದಿನಕ್ಕೊಂದು, ಎರಡು, ಕೆಲವೊಮ್ಮೆ ಒಂದೂ ಇಲ್ಲ, ಹೀಗೆ ಒಟ್ಟು ಇಪ್ಪತ್ತಾರು ಕುರಿ ಹೋದವು. ನನ್ನ ಬಿಲ್ಲೆ ಕಟ್ಟಿಕೊಂಡ ಮೂವತ್ತರಲ್ಲಿ ಹದಿನಾಲ್ಕು. ತಾಯಿ ಸತ್ತ ಮರಿಗಳಲ್ಲಿ ಏಳು ಉಳಿದವು, ಆಡಿನ ಹಾಲಿನ ಮೇಲೆ. ಐದನೆಯ ಸಲ ರಕ್ತ ತೆಗೆಯುವ ದಿನ ನಾನು ಹೋಗಲೇ ಇಲ್ಲ. ಹೋಗುವ ಮುಖ ಇರಲಿಲ್ಲ. ಆರನೆಯ ದಿನವೂ ಹೋಗುವವಳಲ್ಲ. ಆದರೆ ಹಿಂದಿನ ಸಂಜೆ ಫೋನ್ ಬಂತು. ಅಜ್ಜ. ಆತ ಎಂದೂ ಫೋನ್ ಹಿಡಿದವನಲ್ಲ.

"ನಾಳೆ ನಿಮ್ಮ ದಿನ ಐತಿ. ಬರ್ರಿ" ಎಂದು ಹೇಳಿ ಇಟ್ಟುಬಿಟ್ಟ.

ಹೋದೆ. ಉಳಿದ ಹದಿನಾರು ಕುರಿಗಳನ್ನು ಆತನೇ ಹಿಡಿದು ನಿಂತ. ಲಗಮವ್ವ ದೂರದಲ್ಲಿ ಮರಿಗಳ ಹತ್ತಿರ ಇದ್ದಳು. ಯಾರೂ ರೊಟ್ಟಿಯ ಮಾತೆತ್ತಲಿಲ್ಲ. ಒಂದೆರಡು ಸಲ ನರ ತಪ್ಪಿತು. ಅಜ್ಜ ಕುರಿಯ ಕೊರಳನ್ನು ಇನ್ನಷ್ಟು ಎತ್ತಿ ಹಿಡಿದ. ಹದಿನಾರೂ ಮುಗಿದ ಮೇಲೆ ಐ‌ಸ್ ಡಬ್ಬಿ ಎತ್ತಿಕೊಂಡು ಹೊರಟೆ. ಆತ ಬರಿಗೈಯಲ್ಲಿ ನಿಂತು ನೋಡುತ್ತಿದ್ದ. ತಿರುಗಿ ನೋಡಿದೆ, ಆಗಲೂ ನೋಡುತ್ತಿದ್ದ. ಆ ರಕ್ತವನ್ನು ಆತ ನನಗೆ ಸುಮ್ಮನೆ ಕೊಟ್ಟಿರಲಿಲ್ಲ, ಅದಕ್ಕೊಂದು ಉತ್ತರಕ್ಕೆ ಕಾಯುತ್ತಿದ್ದ. ಇಷ್ಟು ತಿಳಿಯಲು ನನಗೆ ಇಪ್ಪತ್ತಾರು ಕುರಿ ಬೇಕಾದವು.

ಅವತ್ತೇ ರಕ್ತವನ್ನು ಯಂತ್ರಕ್ಕೆ ಹಾಕಿದೆ. ಸಂಜೆ ಫಲಿತಾಂಶ ಬಂದ ಕೂಡಲೆ ಸರ್‌ಗೂ ತೋರಿಸದೆ ಮುದ್ರಿಸಿಕೊಂಡೆ. ಮರುದಿನ ಹತ್ತು ಗಂಟೆಗೆಲ್ಲ ಹಟ್ಟಿಯಲ್ಲಿದ್ದೆ. ನಾನು ಹಾಗೆ ಬರುತ್ತೇನೆಂದು ಅವರು ಎಣಿಸಿರಲಿಲ್ಲ. ಅಜ್ಜ ಕಂಬಳಿ ಹಾಸಿದ. ಲಗಮವ್ವ ಬಂದು ಅದರ ಅಂಚಿನಲ್ಲಿ ಕೂತಳು. ನಾನು ಹಾಳೆ ತೆರೆದು ಮೊದಲಿನಿಂದ ಓದಿದೆ.

"ಮೂರು ನಂಬರು. ರಕ್ತದೊಳಗ ಏರಿದ್ದು ಇಳದದ, ಔಷಧ ಹತ್ತೇದ. ಉಳೀತದ."

"ಅದು ಬೋಳಿ ಕುರಿ" ಎಂದು ಅಜ್ಜ ಸೊಸೆಗೆ ಗುರುತು ಹೇಳಿದ.

"ಏಳು ನಂಬರು. ಇಳದದ, ಆದ್ರ ಪೂರಾ ಇಳದಿಲ್ಲ. ಇನ್ನೊಮ್ಮೆ ಔಷಧ ಹಾಕಬೇಕು."

"ಕರಿಗಿವಿದು."

"ಎಂಟು ನಂಬರು." ಆ ಸಾಲನ್ನು ಇನ್ನೊಮ್ಮೆ ನೋಡಿಕೊಂಡು ಓದಿದೆ. "ಇದರ ಲಿವರ್ ಭಾಳ ಕೆಟ್ಟದ. ಇದು ಉಳಿಯೂದು ಕಷ್ಟ. ಈ ಸಲ ಗಬ್ಬ ಕಟ್ಟಸಬ್ಯಾಡ್ರಿ. ಹಾಲು ಕುಡಿಯೋ ಮರಿ ಇದ್ರ ಇವತ್ತೇ ಬೇರೆ ಮಾಡ್ರಿ, ಆಡಿನ ಹಾಲಿಗೆ ಹಚ್ಚರಿ."

ಲಗಮವ್ವ ತಲೆಯಾಡಿಸಿದಳು. ಹೀಗೆ ಹದಿನಾರನ್ನೂ ಓದಿದೆ. ತಿಳಿದದ್ದನ್ನು ತಿಳಿದಿದೆ ಎಂದೆ, ಅನುಮಾನವಿದ್ದದ್ದನ್ನು ಅನುಮಾನವಿದೆ ಎಂದೆ. ಈ ಪರೀಕ್ಷೆ ಹೊಸದು, ಎರಡರಲ್ಲಿ ನಾನು ತಪ್ಪಿರಲೂಬಹುದು ಎಂಬುದನ್ನೂ ಹೇಳಿದೆ. ಅಜ್ಜ ಅದನ್ನು ಕೇಳಿ, "ಆಗಲಿ, ತಪ್ಪಿದ್ರ ತಪ್ಪಲಿ" ಎಂದ. ಲಗಮವ್ವ ನಡುನಡುವೆ ಎದ್ದು ಹೋಗಿ ಕುರಿಗಳ ಕೊಂಬಿಗೆ, ಕಿವಿಗೆ ಬಣ್ಣದ ದಾರ ಕಟ್ಟಿ ಬಂದಳು. ಕೊನೆಯದನ್ನು ಓದಿ ಹಾಳೆ ಮಡಚಿ ಅಜ್ಜನ ಕೈಗೆ ಕೊಟ್ಟೆ. ಓದಲು ಬಾರದಿದ್ದರೂ ಆತ ಅದನ್ನು ಭಂಡಾರದ ಚೀಲದ ಪಕ್ಕದಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಲಗಮವ್ವ ನನ್ನ ಕೈಗಡಿಯಾರದ ಕಡೆ ನೋಡಿ ಕೇಳಿದಳು.

"ಇಷ್ಟ ಹೇಳಾಕ ಎಷ್ಟೊತ್ತ ಹಿಡೀತ್ರಿ ಅಕ್ಕಾರ?"

ನೋಡಿದೆ. "ಕಾಲು ತಾಸು" ಎಂದೆ.

"ಅಷ್ಟನಾ?"

ಮರಿಗಳಿಗೆ ಹಾಲು ಕುಡಿಸುವ ಹೊತ್ತಾಗಿತ್ತು, ಎದ್ದು ಹೋದಳು.